ಎರಡು ಹೆಸರಿನ ಮರಕುಟಿಗ



ಹಾಸನದಿಂದ ಪಶ್ಚಿಮಾಭಿಮುಖವಾಗಿ ಹೊರಟವರು ಆಲೂರಿನ ಸೀಮೆಯನ್ನು ಹೊಕ್ಕ ಕೂಡಲೆ ನಾಡಿನ ಚಹರೆ ಬದಲಾಗುವುದನ್ನು ಕಾಣುತ್ತಾರೆ. ಬಯಲು ಮುಗಿದು ದಿಣ್ಣೆಗಳು ತೊಡಗುತ್ತವೆ; ಗದ್ದೆಯ ಬದಿಯಲ್ಲಿ ಕಾಡು, ಕಾಡಿನ ಮಗ್ಗುಲಲ್ಲಿ ಕಾಫಿಯ ತೋಟ. ಹೇಮಾವತಿಯನ್ನು ದಾಟಿ ಸಕಲೇಶಪುರವನ್ನು ಬಿಟ್ಟು ಮಂಜರಾಬಾದಿನ ಕೋಟೆಯ ಬಳಿಗೆ ಬಂದರೆ ಘಟ್ಟದ ಅಂಚು. ಅಲ್ಲಿಂದ ತೆಂಕಲಿಗೆ ಬಿಸಿಲೆಯ ಕಾಡು. ಆಲೂರಿನ ಕಡೆಯ ಒಣ ಮರಗಳಲ್ಲಿ ಹೊಂಬಣ್ಣದ ಬೆನ್ನಿನ ಮರಕುಟಿಗವನ್ನು ಯಾರು ಬೇಕಾದರೂ ಗುರುತಿಸಬಹುದು. ಆದರೆ ಮಳೆ ಹೆಚ್ಚಿದಂತೆ, ಮರಗಳು ದಟ್ಟವಾದಂತೆ, ಅದೇ ಕುಲದ ಬೇರೊಂದು ಹಕ್ಕಿ ಕಾಣಬರುತ್ತದೆ. ಅದು ಚಿಕ್ಕದು, ಚುರುಕಿನದು, ಬಣ್ಣದಲ್ಲಿ ಕಪ್ಪು ಮತ್ತು ಕೆನೆ. ಈ ಹೊತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಆ ಹಕ್ಕಿಯ ಹೆಸರುಗಳ ಚರಿತ್ರೆ.

ಹಕ್ಕಿಯ ಹೆಸರಿಗೂ ಚರಿತ್ರೆಯೆ ಎಂದು ತಾವು ಕೇಳಬಹುದು. ರಾಜರ ಬಿರುದುಗಳಿಗೆ ಚರಿತ್ರೆ ಇದ್ದರೆ ಹಕ್ಕಿಯ ಬಿರುದಿಗೆ ಏಕಿರಬಾರದು? ಹೆಸರು ಹೆಸರಾದದ್ದನ್ನು ಮಾತ್ರ ತೋರಿಸುವುದಿಲ್ಲ; ಹೆಸರಿಟ್ಟವನು ಎಲ್ಲಿ ನಿಂತು ನೋಡಿದನು, ಏನನ್ನು ನೋಡಿದನು, ಏನನ್ನು ನೋಡದೆ ಹೋದನು ಎಂಬುದನ್ನೂ ಹೇಳಿಬಿಡುತ್ತದೆ. ಈ ಹಕ್ಕಿಯ ವಿಷಯದಲ್ಲಿ ಇದು ಬಹಳ ಸ್ಪಷ್ಟ.

ಮೊದಲು ಹಕ್ಕಿಯನ್ನು ನೋಡೋಣ. ಅದರ ಉದ್ದ ಸುಮಾರು 16 ಸೆಂಟಿಮೀಟರು, ಎಂದರೆ ಗುಬ್ಬಚ್ಚಿಗಿಂತ ತುಸು ಹೆಚ್ಚು. ದೊಡ್ಡ ತಲೆ, ತಲೆಯ ಹಿಂದೆ ಮೊನಚಾದ ಜುಟ್ಟು, ಸಣ್ಣ ಕುತ್ತಿಗೆ, ಕತ್ತರಿಸಿಟ್ಟಂತಹ ಮೋಟು ಬಾಲ. ಗಂಡಿನ ನೆತ್ತಿ ಕಪ್ಪು. ಹೆಣ್ಣಿನ ಹಣೆ ಮತ್ತು ಮುನ್ನೆತ್ತಿ ಕೆನೆಬಿಳುಪು. ಗಂಟಲು ಕೆನೆಯ ಬಣ್ಣ. ರೆಕ್ಕೆಯ ಮೇಲೂ ಕೆನೆಬಣ್ಣದ ಪಟ್ಟೆಯುಂಟು; ಆ ಪಟ್ಟೆಯಲ್ಲಿ ಒಂದೊಂದು ಗರಿಯ ತುದಿಗೂ ಒಂದೊಂದು ಕಪ್ಪು ಚುಕ್ಕೆ. ಈ ಚುಕ್ಕೆ ದುಂಡಗಿನದಲ್ಲ. ಒಂದು ಕಡೆ ಅಗಲವಾಗಿ ನಡುವೆ ಸೀಳಿ, ಇನ್ನೊಂದು ಕಡೆ ಮೊನೆಯಾಗಿ ಮುಗಿಯುವ ಆಕಾರ ಅದರದು. ಈ ಆಕಾರವನ್ನು ದಯಮಾಡಿ ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಇದರ ನಡೆವಳಿಕೆಯೂ ಕುಲಕ್ಕೆ ಸ್ವಲ್ಪ ಹೊರಗಾದದ್ದು. ಉಳಿದ ಮರಕುಟಿಗಗಳು ಬಿರುಸಾದ ಬಾಲವನ್ನು ಊರುಗೋಲಿನಂತೆ ಕಾಂಡಕ್ಕೆ ಒತ್ತಿ, ನೆಟ್ಟಗೆ ಕುಳಿತು, ಸುತ್ತಿಗೆಯಂತೆ ಕೊಕ್ಕನ್ನು ಬೀಸುತ್ತವೆ. ಇದಾದರೋ ದೊಡ್ಡ ಕಾಂಡದ ಬಳಿಗೆ ಬರುವುದೇ ಅಪೂರ್ವ. ಮರದ ಮೇಲ್ಗಡೆಯ ತೆಳು ಕೊಂಬೆಗಳಲ್ಲಿ, ರೆಂಬೆಯ ತುದಿಗಳಲ್ಲಿ ನೇತಾಡುತ್ತ ಹುಳುಗಳನ್ನು ಹೆಕ್ಕುತ್ತದೆ. ಸಾಮಾನ್ಯವಾಗಿ ಜೋಡಿಯಾಗಿ ತಿರುಗುತ್ತದೆ, ಮತ್ತು ತಿರುಗುವಾಗ ಸುಮ್ಮನಿರುವುದಿಲ್ಲ. ಒಂದು ಕೂಗಿದರೆ ಮತ್ತೊಂದು ಉತ್ತರ ಕೊಡುತ್ತದೆ. ಹಾನುಬಾಳಿನ ಕಡೆಯ ಒಂದು ತೋಟದಲ್ಲಿ ನಾನು ಇದನ್ನು ತೋರಿಸಿ ಹೆಸರು ಕೇಳಿದಾಗ, ಅಲ್ಲಿ ಬಹುಕಾಲ ಕೆಲಸ ಮಾಡಿದ್ದ ಹಿರಿಯರೊಬ್ಬರು, “ಅದೂ ಮರಕುಟಿಗನೇ ಸ್ವಾಮಿ. ಆದರೆ ಅದು ಮರ ಕುಟ್ಟಿದ್ದನ್ನ ನಾನು ಅಷ್ಟಾಗಿ ಕಂಡಿಲ್ಲ” ಎಂದರು. ಪಕ್ಷಿಶಾಸ್ತ್ರದ ಒಂದು ಪುಟ ಆ ಎರಡು ಮಾತಿನಲ್ಲಿ ಅಡಗಿತ್ತು.

‘ಮರಕುಟಿಗ’ ಎಂಬ ನಮ್ಮ ಮಾತು ಬಹಳ ಸೊಗಸಾದದ್ದು. ಕಲ್ಲನ್ನು ಕುಟ್ಟಿ ರೂಪು ಕೊಡುವವನು ಕಲ್ಲುಕುಟಿಗ. ಮರವನ್ನು ಕುಟ್ಟುವುದು ಮರಕುಟಿಗ. ಎಂದರೆ ಕನ್ನಡಿಗರು ಈ ಹಕ್ಕಿಯನ್ನು ಕಸುಬುದಾರರ ಸಾಲಿನಲ್ಲಿ ಕೂರಿಸಿದರು. ತೆಲುಗರು ಇದನ್ನು ‘ವಡ್ರಂಗಿ ಪಿಟ್ಟ’ ಎನ್ನುತ್ತಾರೆ, ಬಡಗಿಹಕ್ಕಿ ಎಂದರ್ಥ. ಮಹಾರಾಷ್ಟ್ರದವರಿಗೂ ಇದು ‘ಸುತಾರ’, ಬಡಗಿಯೇ. ತಮಿಳರಿಗೂ ಮಲೆಯಾಳಿಗಳಿಗೂ ಇದು ಮರವನ್ನು ಕೊತ್ತುವ ಹಕ್ಕಿ. ಸಂಸ್ಕೃತದಲ್ಲಿ ‘ದಾರ್ವಾಘಾಟ’, ದಾರು ಎಂದರೆ ಮರ, ಅದಕ್ಕೆ ಆಘಾತ ಮಾಡುವುದು. ಯಜುರ್ವೇದದಲ್ಲಿ ಅಶ್ವಮೇಧದ ಪ್ರಾಣಿಗಳ ಪಟ್ಟಿಯಲ್ಲಿ ಈ ಹೆಸರು ಬರುತ್ತದೆ. ಅಲ್ಲಿ ಅದು ವನಸ್ಪತಿಗಳಿಗೆ ಸಲ್ಲತಕ್ಕದ್ದು. ಅಮರಸಿಂಹನು ‘ಶತಪತ್ರಕ’ ಎಂಬ ಮತ್ತೊಂದು ಹೆಸರನ್ನೂ ಜೊತೆಗೆ ಕೊಟ್ಟಿದ್ದಾನೆ. ಹೀಗೆ ಭರತಖಂಡದ ಭಾಷೆಗಳೆಲ್ಲ ಒಂದು ಕುಲದ ಕಸುಬನ್ನು ಕಂಡು ಹೆಸರಿಟ್ಟವು. ಕುಲದೊಳಗಿನ ವ್ಯಕ್ತಿಗಳನ್ನು ಒಂದೊಂದಾಗಿ ಬೇರ್ಪಡಿಸಿ ಕರೆಯುವ ಅಗತ್ಯ ಹಳಬರಿಗೆ ಅಷ್ಟಾಗಿ ತೋರಲಿಲ್ಲ.

ಆ ಅಗತ್ಯವನ್ನು ಮುಂದಿಟ್ಟದ್ದು ಹದಿನೆಂಟನೆಯ ಶತಮಾನದ ಯೂರೋಪು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1758ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳಿಗೆಲ್ಲ ಎರಡೆರಡು ಪದದ ಹೆಸರನ್ನು ನಿಯಮವಾಗಿ ಬಳಸಿದನು. ಮೊದಲನೆಯದು ಮನೆತನದ ಹೆಸರಿನಂತೆ, ಎರಡನೆಯದು ಇಟ್ಟ ಹೆಸರಿನಂತೆ. ಮರಕುಟಿಗಗಳಿಗೆ ಅವನು ಕೊಟ್ಟ ಮನೆತನದ ಹೆಸರು ‘ಪೈಕಸ್’. ಆಲೂರಿನ ದಾರಿಯಲ್ಲಿ ನಾವು ಕಂಡ ಹೊಂಬೆನ್ನಿನ ಹಕ್ಕಿಗೆ ಲಿನೇಯಸನೇ ‘ಪೈಕಸ್ ಬೆಂಗಾಲೆನ್ಸಿಸ್’ ಎಂದು ಹೆಸರಿಟ್ಟನು. ಅವನು ಆಧಾರವಾಗಿ ಹಿಡಿದದ್ದು ಆಲ್ಬಿನ್ ಎಂಬ ಚಿತ್ರಗಾರನ ಪುಸ್ತಕದಲ್ಲಿದ್ದ ಬಂಗಾಳದ ಮರಕುಟಿಗದ ಚಿತ್ರವನ್ನು. ಆದ ಕಾರಣ ಹಾಸನದ ಮಾವಿನ ಮರದಲ್ಲಿ ಹುಟ್ಟಿ ಅಲ್ಲಿಯೇ ಸಾಯುವ ಹಕ್ಕಿಯೂ ಶಾಸ್ತ್ರದ ಲೆಕ್ಕದಲ್ಲಿ ಬಂಗಾಳಿಯಾಗಿದೆ.

ನಮ್ಮ ಕಪ್ಪುಕೆನೆಯ ಹಕ್ಕಿ ಶಾಸ್ತ್ರದ ಕಣ್ಣಿಗೆ ಬಿದ್ದದ್ದು ಅದಕ್ಕೂ ಮುಕ್ಕಾಲು ಶತಮಾನ ತಡವಾಗಿ, ಅದೂ ನಮ್ಮ ಘಟ್ಟಗಳಿಂದಲ್ಲ. ಈ ಹಕ್ಕಿಯ ನೆಲೆ ವಿಚಿತ್ರವಾದದ್ದು. ಪಶ್ಚಿಮಘಟ್ಟಗಳ ಉದ್ದಕ್ಕೂ ಒಂದು ಗುಂಪು. ಮಧ್ಯಭಾರತದಲ್ಲಿ ಅಲ್ಲಲ್ಲಿ ಚೂರುಪಾರು. ಬಳಿಕ ಈಶಾನ್ಯ ಭಾರತ, ಬರ್ಮಾ, ಸಯಾಮು, ಇಂಡೋಚೀನಗಳಲ್ಲಿ ದೊಡ್ಡ ಗುಂಪು. ನಡುವಣ ಬಯಲುಸೀಮೆಯಲ್ಲಿ ಎಲ್ಲಿಯೂ ಇಲ್ಲ. ಹೀಗೆ ಮಲಯದ ಕಡೆಗೂ ಮಲೆನಾಡಿಗೂ ಹಂಚಿಹೋದ ಪ್ರಾಣಿಗಳು ಅನೇಕವಿವೆ. ಒಂದಾನೊಂದು ಕಾಲದಲ್ಲಿ ಸಾತ್ಪುರದ ಬೆಟ್ಟಸಾಲು ತೇವವಾದ ಕಾಡಿನಿಂದ ಸೇತುವೆಯಾಗಿತ್ತು ಎಂಬ ಊಹೆಯನ್ನು ಸುಂದರಲಾಲ ಹೋರಾ ಎಂಬ ವಿಜ್ಞಾನಿ 1949ರಲ್ಲಿ ಮಂಡಿಸಿದ್ದು ಇಂಥವುಗಳ ಸಮಸ್ಯೆಗಾಗಿಯೇ.

ಬರ್ಮಾದ ಪೆಗುವಿನಿಂದ ಬಂದ ಒಂದು ಮಾದರಿಯನ್ನು ಫ್ರಾನ್ಸಿನ ರೆನೆ ಲೆಸ್ಸೊನ್ ಎಂಬಾತನು ವರ್ಣಿಸಿದನು. ಈತ ನೌಕಾಪಡೆಯ ವೈದ್ಯವೃತ್ತಿಯವನು. ‘ಕೊಕೀಯ್’ ಎಂಬ ಹಡಗಿನಲ್ಲಿ 1822ರಿಂದ 1825ರವರೆಗೆ ಭೂಪ್ರದಕ್ಷಿಣೆ ಮಾಡಿದವನು. ಆದರೆ ಆ ಯಾತ್ರೆ ಪೆಗುವನ್ನು ಮುಟ್ಟಲಿಲ್ಲ. 1830ರಿಂದ 1832ರವರೆಗೆ ಕಂತುಕಂತಾಗಿ ಹೊರಬಂದ ತನ್ನ ಪ್ರಾಣಿಗಳ ಗ್ರಂಥದಲ್ಲಿ ಅವನು ಈ ಹಕ್ಕಿಗೆ ‘ಪೈಕಸ್ ಕನೆಂಟೆ’ ಎಂದು ಹೆಸರಿಟ್ಟನು.

‘ಕನೆಂಟೆ’ ಎಂದರೇನು? ಇದಕ್ಕೆ ರೋಮನರ ಪುರಾಣಕ್ಕೆ ಹೋಗಬೇಕು. ಓವಿಡ್ ಕವಿಯ ‘ಮೆಟಮಾರ್ಫೊಸೀಸ್’ ಕಾವ್ಯದ ಹದಿನಾಲ್ಕನೆಯ ಭಾಗದಲ್ಲಿ ಪೈಕಸ್ ಎಂಬ ಅರಸನ ಕಥೆಯಿದೆ. ಅವನ ಮಡದಿಯ ಹೆಸರು ಕನೆನ್ಸ್, ಎಂದರೆ ಹಾಡುವವಳು. ಆಕೆಯ ಗಾನಕ್ಕೆ ಮರಗಳೂ ಬಂಡೆಗಳೂ ಚಲಿಸುತ್ತಿದ್ದುವಂತೆ. ಒಂದು ದಿನ ಬೇಟೆಗೆ ಹೋದ ಅರಸನನ್ನು ಸರ್ಸಿ ಎಂಬ ಮಾಯಾವಿನಿ ಮೋಹಿಸಿದಳು. ತನ್ನ ಹೆಂಡತಿಯಲ್ಲದೆ ಬೇರೊಬ್ಬಳನ್ನು ಒಲ್ಲೆನೆಂದ ಅರಸನನ್ನು ಅವಳು ಮರಕುಟಿಗವನ್ನಾಗಿ ಮಾಡಿಬಿಟ್ಟಳು. ಕೋಪಗೊಂಡ ಹಕ್ಕಿ ಕಾಡಿನ ಮರಗಳನ್ನು ಕೊಕ್ಕಿನಿಂದ ಕುಕ್ಕತೊಡಗಿತು. ಇತ್ತ ಕನೆನ್ಸಳು ಆರು ಹಗಲು ಆರು ಇರುಳು ಗಂಡನನ್ನು ಹುಡುಕಿ ಅಲೆದು, ಟೈಬರ್ ನದಿಯ ದಡದಲ್ಲಿ ಕುಸಿದು, ಶೋಕವನ್ನು ಹಾಡುತ್ತ ಹಾಡುತ್ತ ಕರಗಿ ಗಾಳಿಯಲ್ಲಿ ಸೇರಿಹೋದಳು. ಲಿನೇಯಸನು ಕುಲಕ್ಕೆ ಪೈಕಸನ ಹೆಸರನ್ನು ಕೊಟ್ಟಿದ್ದನಷ್ಟೆ. ಲೆಸ್ಸೊನನು ಅಗಲಿಹೋದ ಮಡದಿಯನ್ನು ಗಂಡನ ಮಗ್ಗುಲಿಗೆ ತಂದು ನಿಲ್ಲಿಸಿದನು. ನಾಮಕರಣದಲ್ಲಿ ಇಂತಹ ರಸಿಕತೆ ಅಪರೂಪ. ಹಕ್ಕಿಯ ಬದುಕನ್ನು ನೋಡದೆ ಇಟ್ಟ ಈ ಹೆಸರು, ಜೋಡಿಯನ್ನು ಅಗಲದೆ ಸದಾ ಕೂಗಿಕೊಳ್ಳುವ ಈ ಹಕ್ಕಿಗೆ ಚೆನ್ನಾಗಿಯೇ ಹೊಂದಿಕೊಂಡಿತು ಎಂಬುದು ಆಕಸ್ಮಿಕದ ಸೊಬಗು.

ಇನ್ನು ನಮ್ಮ ಕಡೆಗೆ ಬರೋಣ. 1836ರಲ್ಲಿ ಥಾಮಸ್ ಜರ್ಡನ್ ಎಂಬ ಇಪ್ಪತ್ನಾಲ್ಕರ ಹರೆಯದ ವೈದ್ಯನೊಬ್ಬನು ಕಂಪೆನಿ ಸರ್ಕಾರದ ಮದರಾಸು ಸೈನ್ಯಕ್ಕೆ ಸೇರಿ ಹಿಂದೂದೇಶಕ್ಕೆ ಬಂದನು. ದಳದೊಡನೆ ಹೋದ ಹೋದಲ್ಲೆಲ್ಲ ಹಕ್ಕಿಗಳನ್ನು ಪರೀಕ್ಷಿಸುವುದು ಅವನ ಹವ್ಯಾಸ. ದಕ್ಷಿಣ ಭಾರತದ ಹಕ್ಕಿಗಳ ಪಟ್ಟಿಯೊಂದನ್ನು ಅವನು 1839 ಮತ್ತು 1840ರಲ್ಲಿ ಮದರಾಸಿನ ಸಾಹಿತ್ಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದನು. 1862ರಿಂದ 1864ರವರೆಗೆ ಹೊರಬಂದ ಅವನ ಮೂರು ಸಂಪುಟಗಳ ‘ಬರ್ಡ್ಸ್ ಆಫ್ ಇಂಡಿಯ’ ಬಹುಕಾಲ ಈ ದೇಶದ ಪಕ್ಷಿಶಾಸ್ತ್ರಕ್ಕೆ ಮೂಲಗ್ರಂಥವಾಗಿತ್ತು. ಪಶ್ಚಿಮಘಟ್ಟದ ನಮ್ಮ ಹಕ್ಕಿಗೆ ಅವನು 1840ರಲ್ಲಿ ಇಟ್ಟ ಹೆಸರು ‘ಕಾರ್ಡೇಟಸ್’. ಲ್ಯಾಟಿನ್ನಿನಲ್ಲಿ ‘ಕಾರ್’ ಎಂದರೆ ಹೃದಯ. ರೆಕ್ಕೆಯ ಮೇಲಿನ ಆ ಚುಕ್ಕೆಗಳಲ್ಲಿ ಅವನು ಹೃದಯದ ಆಕಾರವನ್ನು ಕಂಡನು. ಲೆಸ್ಸೊನನ ಮನಸ್ಸು ಪುರಾಣಕ್ಕೆ ಹೋಯಿತು. ಜರ್ಡನ್ನನ ಕಣ್ಣು ಗರಿಯ ಮೇಲೆ ನಿಂತಿತು.

ಒಂದೇ ಹಕ್ಕಿಗೆ ಎರಡು ಹೆಸರಾದರೆ ತೀರ್ಪು ಹೇಗೆ? ಜರ್ಡನ್ ಹೆಸರಿಟ್ಟ ಎರಡು ವರ್ಷಗಳ ಮೇಲೆ, 1842ರಲ್ಲಿ, ಸ್ಟ್ರಿಕ್‌ಲೆಂಡ್ ಎಂಬ ವಿದ್ವಾಂಸನ ನೇತೃತ್ವದ ಒಂದು ಸಮಿತಿ ಬ್ರಿಟಿಷ್ ವಿಜ್ಞಾನ ಸಂಘಕ್ಕಾಗಿ ನಿಯಮಗಳನ್ನು ರಚಿಸಿತು. ಚಾರಲ್ಸ್ ಡಾರ್ವಿನ್ನನೂ ಆ ಸಮಿತಿಯಲ್ಲಿದ್ದನು. ಅದರ ತಿರುಳು ನಮ್ಮ ಹಿರಿಯರು ಆಸ್ತಿ ಹಂಚುವಾಗ ಹೇಳುವ ಮಾತಿನಂತೆಯೇ ಇದೆ: ಹಿರಿದಕ್ಕೆ ಹಿರಿತನ. ಮೊದಲು ಅಚ್ಚಾದ ಹೆಸರೇ ನಿಲ್ಲತಕ್ಕದ್ದು. ಹೆಚ್ಚು ಒಪ್ಪುವುದೊ ಇಲ್ಲವೊ ಎಂಬ ಪ್ರಶ್ನೆಯೇ ಇಲ್ಲ. ಈ ತತ್ತ್ವವೇ ಮುಂದೆ ಅಂತರರಾಷ್ಟ್ರೀಯ ನಿಯಮವಾಯಿತು. ಅದರಂತೆ ಲೆಸ್ಸೊನನ ‘ಕನೆಂಟೆ’ ಗೆದ್ದಿತು, ಜರ್ಡನ್ನನ ‘ಕಾರ್ಡೇಟಸ್’ ಸೋತಿತು. ಘಟ್ಟದ ಹಕ್ಕಿಗಳು ಬರ್ಮಾದವಕ್ಕಿಂತ ಗಾತ್ರದಲ್ಲಿ ತುಸು ಕಿರಿದೆಂಬ ಕಾರಣದಿಂದ ಕೆಲವು ಕಾಲ ಅದನ್ನು ಉಪಜಾತಿಯ ಹೆಸರಾಗಿ ಉಳಿಸಿಕೊಂಡಿದ್ದರು. ಈಗಿನ ಪಟ್ಟಿಗಳಲ್ಲಿ ಅದೂ ಕಳಚಿಬೀಳುತ್ತಿದೆ.

ಗೆದ್ದ ಹೆಸರಿಗೂ ಪೂರ್ಣ ಸುಖವಿಲ್ಲ. ಮರಕುಟಿಗಗಳ ಮನೆತನ ದೊಡ್ಡದಾಗಿ ಪಾಲಾದಾಗ ಈ ಹಕ್ಕಿ ಸ್ವೇನ್ಸನ್ ಎಂಬಾತನು 1837ರಲ್ಲಿ ಕಲ್ಪಿಸಿದ ‘ಹೆಮಿಸರ್ಕಸ್’ ಎಂಬ ಮನೆಗೆ ಸೇರಿತು. ಗ್ರೀಕಿನಲ್ಲಿ ‘ಹೆಮಿ’ ಎಂದರೆ ಅರ್ಧ, ‘ಕೆರ್ಕೋಸ್’ ಎಂದರೆ ಬಾಲ. ಅರೆಬಾಲದ್ದು ಎಂದು ತಾತ್ಪರ್ಯ. ಸ್ವೇನ್ಸನ್ನನು ಒಂದು ಅಕ್ಷರವನ್ನು ತಪ್ಪಿ ಬರೆದನೆಂದು ಮುಂದಿನ ಹಲವು ಗ್ರಂಥಕರ್ತರು ಅದನ್ನು ತಿದ್ದಿದರು. ಮೊದಲು ಅಚ್ಚಾದದ್ದೇ ಸರಿ ಎಂಬ ನಿಯಮ ಆ ತಿದ್ದುಪಡಿಯನ್ನೂ ತಳ್ಳಿಹಾಕಿತು. ಹೀಗಾಗಿ ಇಂದಿನ ಪೂರ್ಣ ಹೆಸರು ‘ಹೆಮಿಸರ್ಕಸ್ ಕನೆಂಟೆ’. ಅದರ ಮುಂದೆ ಲೆಸ್ಸೊನನ ಹೆಸರನ್ನೂ 1832 ಎಂಬ ವರ್ಷವನ್ನೂ ಕಂಸದೊಳಗೆ ಅಚ್ಚುಹಾಕುತ್ತಾರೆ. ಆತನು ಇಟ್ಟ ಮನೆತನ ಈಗ ಬದಲಾಗಿದೆ ಎಂಬುದಕ್ಕೆ ಆ ಕಂಸ ಗುರುತು. ಪಾಪ, ಕನೆನ್ಸಳು ಪೈಕಸನ ಮನೆಯಿಂದ ಎರಡನೆಯ ಸಲ ಹೊರಬಿದ್ದಳು!

ಆದರೆ ಜರ್ಡನ್ನನ ನೋಟ ಪೂರ್ತಿಯಾಗಿ ಸೋಲಲಿಲ್ಲ. ಶಾಸ್ತ್ರನಾಮಕ್ಕೆ ತಾರೀಖಿನ ಕಟ್ಟಳೆಯುಂಟು, ರೂಢಿನಾಮಕ್ಕೆ ಅದಿಲ್ಲ. ಇಂಗ್ಲಿಷಿನಲ್ಲಿ ಈ ಹಕ್ಕಿಯನ್ನು ಕರೆಯುವುದು ‘ಹಾರ್ಟ್ ಸ್ಪಾಟೆಡ್ ವುಡ್‌ಪೆಕ್ಕರ್’ ಎಂದು. ‘ಕಾರ್ಡೇಟಸ್’ ಹೇಳಿದ್ದೂ ಇದನ್ನೇ. ಪುಸ್ತಕದ ಪಟ್ಟ ಪುರಾಣಕ್ಕೆ ಸಂದರೆ, ಜನರ ನಾಲಗೆಯ ಪಟ್ಟ ಚುಕ್ಕೆಗೆ ಸಂದಿತು. ಇದರ ನೆರೆಹೊರೆಯ ಮರಕುಟಿಗಗಳಲ್ಲಿ ಬೇರೆ ಬಗೆಯ ಹೆಸರುಗಳೂ ಇವೆ. ದೊಡ್ಡ ಕಪ್ಪು ಮರಕುಟಿಗದ ಭಾರತೀಯ ಉಪಜಾತಿಗೆ ಜರ್ಡನ್ನನು ನೇಪಾಳದಲ್ಲಿದ್ದ ಹಾಡ್ಜ್‌ಸನ್ ಎಂಬ ವಿದ್ವಾಂಸನ ಹೆಸರಿಟ್ಟನು. ಹೊಂಬೆನ್ನಿನ ಮರಕುಟಿಗದ ಒಂದು ದಕ್ಷಿಣದ ಉಪಜಾತಿಗೆ 1934ರಲ್ಲಿ ವಿಸ್ಲರ್ ಮತ್ತು ಕಿನ್ನಿಯರ್ ಎಂಬ ಇಬ್ಬರು, ಸಲೀಂ ಆಲಿಯವರ ಪತ್ನಿ ತಹಮೀನಾ ಅವರ ಹೆಸರನ್ನಿಟ್ಟರು. ಮುಂದೆ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಆಲಿಯವರೇ ಇವರು.

ಇಷ್ಟೆಲ್ಲ ಆದ ಮೇಲೆ ನಮ್ಮ ಪ್ರಶ್ನೆ ಉಳಿದೇ ಇದೆ: ಈ ಹಕ್ಕಿಗೆ ಕನ್ನಡದಲ್ಲಿ ಏನೆನ್ನಬೇಕು? ಕನ್ನಡದಲ್ಲಿ ಹಕ್ಕಿಗಳನ್ನು ಕುರಿತು ಬರೆದವರು ಇಲ್ಲದೆ ಇಲ್ಲ. ಶಿವರಾಮ ಕಾರಂತರ ‘ಹಿರಿಯ ಕಿರಿಯ ಹಕ್ಕಿಗಳು’, ಸಕಲೇಶಪುರಕ್ಕೆ ನೆರೆಯಾದ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’, ಇವು ತಮಗೆ ತಿಳಿದವೇ. ಆದರೂ ಪಟ್ಟಿಗಳಿಗೆ ಹೆಸರು ಬೇಕಾದಾಗ ಸುಲಭವಾಗಿ ಕೈಗೆ ಬರುವ ಉಪಾಯವೆಂದರೆ ಇಂಗ್ಲಿಷಿನ ಭಾಷಾಂತರ. ಈ ಹಕ್ಕಿಯ ಇಂಗ್ಲಿಷ್ ಹೆಸರನ್ನು ಕನ್ನಡಿಸಿದರೆ ‘ಹೃದಯಚುಕ್ಕೆಯ ಮರಕುಟಿಗ’ ಎಂದಾಗುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ನೋಟದಲ್ಲಿ?

ನಡುವೆ ಸೀಳಿ, ಕೆಳಗೆ ಮೊನೆಯಾದ ಆ ಆಕಾರವನ್ನು ಹೃದಯವೆನ್ನುವುದು ಯೂರೋಪಿನ ಚಿತ್ರಗಾರರ ಸಂಪ್ರದಾಯ. ಇಸ್ಪೀಟು ಎಲೆಗಳ ಮೂಲಕ ನಮಗೂ ಪರಿಚಯವಾದದ್ದು. ದೇಹದೊಳಗಿನ ಹೃದಯ ಹಾಗಿಲ್ಲವೆಂದು ವೈದ್ಯರೆಲ್ಲರೂ ಬಲ್ಲರು; ವೈದ್ಯನಾದ ಜರ್ಡನ್ನನೂ ಬಲ್ಲನು. ನಮ್ಮ ಹಿರಿಯರು ಹೃದಯವನ್ನು ಕಂಡದ್ದು ತಾವರೆಯ ಮೊಗ್ಗಾಗಿ. ಹೃದಯಕಮಲವೆಂಬ ಮಾತೇ ಇದೆ. ಹಾಗಾದರೆ ಆ ಆಕಾರ ನಮಗೆ ಏನು? ಮಲೆನಾಡಿನವನ ಸಂಚಿಯನ್ನು ಬಿಚ್ಚಿ ನೋಡಿ: ವೀಳ್ಯದೆಲೆ. ಅಶ್ವತ್ಥಕಟ್ಟೆಯ ಮೇಲೆ ಕುಳಿತು ತಲೆಯೆತ್ತಿ ನೋಡಿ: ಅರಳಿಯ ಎಲೆ. ಸಕಲೇಶಪುರದ ತೋಟದಲ್ಲಿ ನೆರಳಿನ ಮರವನ್ನು ತಬ್ಬಿ ಹತ್ತಿದ ಮೆಣಸಿನ ಬಳ್ಳಿಯ ಎಲೆಯೂ ಹೆಚ್ಚುಕಡಮೆ ಅದೇ ಅಚ್ಚಿನದು. ಹಕ್ಕಿ ಕುಳಿತ ಮರದಲ್ಲಿಯೇ, ಹಕ್ಕಿಯ ಬೆನ್ನ ಹಿಂದೆಯೇ, ಚುಕ್ಕೆಯ ಆಕಾರ ಹಸುರಾಗಿ ತೂಗುತ್ತಿರುತ್ತದೆ! ವಿನೋದವೇನೆಂದರೆ, ಸಸ್ಯಶಾಸ್ತ್ರಜ್ಞರು ಇಂತಹ ಎಲೆಗಳನ್ನು ವರ್ಣಿಸಲು ಬಳಸುವ ಲ್ಯಾಟಿನ್ ಮಾತೂ ‘ಕಾರ್ಡೇಟಸ್’ ಎಂಬುದೇ. ಆದ್ದರಿಂದ ‘ಎಲೆಚುಕ್ಕೆ ಮರಕುಟಿಗ’ ಎಂದು ಕರೆದರೆ ಜರ್ಡನ್ನನಿಗೂ ಅಪಚಾರವಾಗುವುದಿಲ್ಲ, ನಮ್ಮ ಕಣ್ಣಿಗೂ ಅನ್ಯಾಯವಾಗುವುದಿಲ್ಲ. ಇದು ನನ್ನ ಸೂಚನೆ ಮಾತ್ರ. ಇದಕ್ಕಿಂತ ಒಳ್ಳೆಯ ಹೆಸರನ್ನು ಆ ಬೆಟ್ಟಗಳ ಜನ ಕೊಟ್ಟರೆ ನಾನು ಇದನ್ನು ಸಂತೋಷದಿಂದ ಹಿಂದಕ್ಕೆ ತೆಗೆದುಕೊಳ್ಳುವೆನು.

ಹೆಸರಿಗಾಗಿ ಇಷ್ಟು ಹಟವೇಕೆ ಎಂದರೆ, ಅದಕ್ಕೆ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಮಂಜರಾಬಾದಿನ ಕಾಡುಗಳಲ್ಲಿ ಕಾಫಿಯ ಬೆಳೆ ಹರಡಿತು. ಅಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬಾತನು 1871ರಲ್ಲಿಯೂ 1894ರಲ್ಲಿಯೂ ತನ್ನ ಅನುಭವಗಳನ್ನು ಗ್ರಂಥಗಳಾಗಿ ಬರೆದಿದ್ದಾನೆ. ಮೈಸೂರಿನ ಕಾಫಿಗೆ ಮರದ ನೆರಳು ಅತ್ಯಗತ್ಯವೆಂಬುದನ್ನು ಅವನು ವಿಸ್ತಾರವಾಗಿ ಪ್ರತಿಪಾದಿಸಿದನು. ಅವನ ಚಿಂತೆಯೆಲ್ಲ ಕಾಫಿಯದು, ಹಕ್ಕಿಯದಲ್ಲ. ಆದರೂ ಆ ನೆರಳಿನ ಪದ್ಧತಿಯಿಂದ ಅತ್ತಿ, ಬಸರಿ, ಹಲಸು, ನಂದಿ, ಹಾಲುವಾಣಗಳು ತೋಟಗಳಲ್ಲಿ ಉಳಿದುವು. ಮರಗಳೊಡನೆ ಮರಕುಟಿಗಗಳೂ ಉಳಿದುವು. ಈಚಿನ ದಶಕಗಳಲ್ಲಿ ಅನೇಕ ತೋಟಗಳಲ್ಲಿ ಈ ಮರಗಳ ಜಾಗಕ್ಕೆ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಬಂದಿದೆ. ಅದು ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೂ ಆಸರೆ, ಮಾರಿದರೆ ಹಣ. ಬೆಳೆಗಾರನ ಲೆಕ್ಕದಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮ ಹಕ್ಕಿ ಗೂಡಿಗಾಗಿ ಪೊಟರೆ ಕೊರೆಯುವುದು ಒಣಗಿದ ಕೊಂಬೆಯಲ್ಲಿ. ತೋಟವನ್ನು ಚೊಕ್ಕಟ ಮಾಡುವವನು ಮೊದಲು ಕಡಿಯುವುದೂ ಒಣಗಿದ ಕೊಂಬೆಯನ್ನೇ. ಹಕ್ಕಿ ಬಿಟ್ಟುಹೋದ ಪೊಟರೆಗಳಲ್ಲಿ ಮನೆ ಮಾಡುವ ಬೇರೆ ಸಣ್ಣ ಜೀವಿಗಳೂ ಉಂಟು. ಒಂದು ಒಣಕೊಂಬೆ ಹೋದರೆ ಹಲವರ ಮನೆ ಹೋಯಿತು.

ಈ ಹಕ್ಕಿ ಇಂದು ಅಳಿವಿನ ಅಂಚಿನಲ್ಲಿಲ್ಲ. ಹಾಗೆಂದು ಹೇಳಿ ತಮ್ಮನ್ನು ಹೆದರಿಸಲಾರೆ. ನಾನು ಹೇಳುವುದು ಇಷ್ಟೇ. ಎಲ್ಲವೂ ‘ಮರಕುಟಿಗ’ವೇ ಆಗಿರುವಾಗ, ಅವುಗಳಲ್ಲಿ ಒಂದು ಒಂದು ತೋಟದಿಂದ ಮಾಯವಾದರೆ ಯಾರಿಗೂ ತಿಳಿಯುವುದಿಲ್ಲ, ಉಳಿದ ಮರಕುಟಿಗಗಳು ಆ ಮಾತಿನ ಮಾನವನ್ನು ಕಾಯುತ್ತಲೇ ಇರುತ್ತವೆ. ಹೆಸರುಳ್ಳದ್ದನ್ನು ಮಾತ್ರ ‘ಈ ವರ್ಷ ಕಾಣಲಿಲ್ಲವಲ್ಲ’ ಎಂದು ವಿಚಾರಿಸಲು ಸಾಧ್ಯ. ಹಾಜರಿಪಟ್ಟಿಯಲ್ಲಿ ಹೆಸರಿಲ್ಲದ ಹುಡುಗ ಶಾಲೆಗೆ ಬಾರದಿದ್ದರೆ ಉಪಾಧ್ಯಾಯರಿಗೆ ತಿಳಿಯುವುದು ಹೇಗೆ?

ಪೆಗುವಿನ ಮಾದರಿಯನ್ನು ಮುಂದಿಟ್ಟುಕೊಂಡು ಒಬ್ಬನು ಹಾಡುವವಳೆಂದನು. ಘಟ್ಟದ ಹಕ್ಕಿಯ ರೆಕ್ಕೆಯನ್ನು ನೋಡಿ ಇನ್ನೊಬ್ಬನು ಹೃದಯದ ಗುರುತಿನದೆಂದನು. ಇಬ್ಬರೂ ದೂರದೇಶದವರು, ಆದರೂ ಈ ಪುಟ್ಟ ಹಕ್ಕಿಯನ್ನು ನೋಡಿ ಒಂದು ಕ್ಷಣ ನಿಂತರು. ಆಲೂರು ಸಕಲೇಶಪುರಗಳ ದಾರಿಯಲ್ಲಿ ಹೋಗುವ ನಮ್ಮಲ್ಲಿ ಒಬ್ಬರು, ಎತ್ತರದ ರೆಂಬೆಯಿಂದ ಜೋಡಿಕೂಗು ಕೇಳಿದಾಗ ವಾಹನವನ್ನು ನಿಲ್ಲಿಸಿ, ಚುಕ್ಕೆಯನ್ನು ಕಂಡು, ತಮಗೆ ತೋಚಿದ ಹೆಸರಿನಿಂದ ಪಕ್ಕದಲ್ಲಿರುವ ಮಗುವಿಗೆ ತೋರಿಸಿದರೆ, ಎರಡು ಹೆಸರಿನ ಈ ಹಕ್ಕಿಗೆ ಮೂರನೆಯ ಹೆಸರು ಹುಟ್ಟುತ್ತದೆ. ತನ್ನ ನೆಲದಲ್ಲಿ ಹುಟ್ಟಿದ ಹೆಸರು ಅದೇ.